ಈಜು ಬರುವವರ ಸಾಲು

ನವೆಂಬರ್ ೧೫, ಶನಿವಾರ

ನಾನು ವಾರಿಜಾಕ್ಷಿ. ಬಂದರದಲ್ಲಿ ಬೋಟು ನಿಲ್ಲುವ ದಕ್ಕೆಯಲ್ಲಿ ನಿಂತು ಅಂಗಾರ ತಾಂಡೇಲರ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ದೇರೆಬೈಲಿನ ನಮ್ಮ ಮನೆಗೆ ದಾರಿ ಹೇಳುತ್ತಾರೆ. ದೋಣಿ ನಡೆಸುವ ಯಜಮಾನನಿಗೆ ನಮ್ಮಲ್ಲಿ ತಾಂಡೇಲ ಎನ್ನುವುದು. ಅಂಗಾರ ತಾಂಡೇಲರು ನನ್ನ ಗಂಡ. ಎರಡು ಬೋಟು, ಒಂದು ಐಸ್ ಪ್ಲಾಂಟ್ ನಮ್ಮದು. ಮೀನು ಮಾರುವ ಹೆಂಗಸರ ಸಂಘಕ್ಕೆ ನಾನು ಬಹಳ ವರ್ಷ ಅಧ್ಯಕ್ಷೆಯಾಗಿದ್ದೆ. ನಮ್ಮ ಕಾಲದಲ್ಲಿ ಹೈಸ್ಕೂಲು ಮುಗಿಸಿದ ಹೆಣ್ಣು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಈ ಮನೆಯಲ್ಲಿ ನಾನು ಮಾತು ಮುಗಿಸಿದ ಮೇಲೆ ಬೇರೆ ಮಾತಿಲ್ಲ.

ಮೀನುಗಾರರ ಸೊಸೈಟಿಯವರು ವರ್ಷ ವರ್ಷ ಕೊಡುವ ಡೈರಿಯಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ಬಿಟ್ಟು ಬೇರೇನೂ ಬರೆದವಳಲ್ಲ. ಇವತ್ತು ಬರೆಯಲು ಕುಳಿತದ್ದು ಸಿಟ್ಟು ಇಳಿಯಲಿ ಎಂದು.

ಮೊಮ್ಮಗಳು ಮೋಕ್ಷಾಳ ಶಾಲೆಯಲ್ಲಿ ಮೀಟಿಂಗ್ ಇತ್ತು. ಅವಳು ಎಂಟನೆಯ ಕ್ಲಾಸು. ಮಕ್ಕಳನ್ನು ಮೂರು ದಿನ ಮೂಲ್ಕಿಯ ಬದಿಯಲ್ಲಿ ಹೊಳೆಯ ನಡುವಿನ ಒಂದು ಕುದ್ರುವಿಗೆ ಕರೆದುಕೊಂಡು ಹೋಗುತ್ತಾರಂತೆ. ಸುತ್ತ ನೀರು, ನಡುವೆ ಒಂದು ತುಂಡು ನೆಲ. ಅಲ್ಲಿ ಗುಡಾರದಲ್ಲಿ ಮಲಗುವುದು, ಕಲ್ಲಿನ ಒಲೆಯಲ್ಲಿ ಅನ್ನ ಬೇಯಿಸುವುದು, ದೋಣಿ ಹುಟ್ಟು ಹಾಕುವುದು. ವಿಜ್ಞಾನ ಕಲಿಸುವ ಬ್ರೆಂಡಾ ಟೀಚರ್ ಇದರ ಯಜಮಾನಿ. ಮಕ್ಕಳು ಉಬ್ಬರ ಇಳಿತದ ಚಿತ್ರ ಬಿಡಿಸಿ ಅಂಕ ತೆಗೆಯುತ್ತಾರೆ, ಒಂದು ದಿನವೂ ನೀರು ಏರುವುದನ್ನು ಕೂತು ನೋಡಿಲ್ಲ, ಅಲ್ಲಿ ನೋಡಲಿ ಎಂದು ಅವರು ಹೇಳಿದರು. ನಾವು ಹೊಳೆಯ ಬದಿ ಬಿಟ್ಟು ದೇರೆಬೈಲಿಗೆ ಬಂದದ್ದೇ ಮಕ್ಕಳು ಫ್ಯಾನಿನ ಕೆಳಗೆ ಕೂತು ಓದಲಿ ಎಂದು. ಈಗ ಶಾಲೆಯವರು ಅವರನ್ನು ಮರಳಿನ ಮೇಲೆ, ಬರೀ ಹೊಯಿಗೆಯಲ್ಲಿ ಮಲಗಿಸಿ ಅದನ್ನು ವಿದ್ಯೆ ಎನ್ನುತ್ತಾರೆ. ಸೊಸೆ ಜ್ಯೋತ್ಸ್ನಾ ನನ್ನನ್ನು ಕೇಳದೆ ಆಗಲೇ ಹೂಂ ಎಂದಿದ್ದಾಳೆ. ಎಲ್ಲರೆದುರು ಬೇಡ ಎನ್ನುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನಿದ್ದೆ.

ಕೊನೆಗೆ ಟೀಚರ್ ಒಬ್ಬೊಬ್ಬರನ್ನೇ, ನಿಮ್ಮ ಮಗುವಿಗೆ ಈಜು ಬರುತ್ತದೆಯೇ ಎಂದು ಕೇಳುತ್ತ ಬಂದರು. ಹಂಪನಕಟ್ಟೆಯ ಬಟ್ಟೆ ಅಂಗಡಿಯ ರವೂಫ್ ಸಾಹೇಬರ ಹೆಂಡತಿ ನಾಝಿಮಾ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಮಗಳು ಮರ್ವಾ ಮೋಕ್ಷಾಳ ಬೆಂಚಿನವಳು. "ಸ್ವಲ್ಪ ಬರ್ತದೆ ಟೀಚರ್, ನನ್ನ ತಾಯಿ ಮನೆಯ ಕೆರೆಯಲ್ಲಿ ಕಲಿತದ್ದು. ಆದ್ರೂ ಒಂದು ಕಣ್ಣು ಇಡಿ" ಎಂದಳು. ಬಟ್ಟೆ ಅಳೆಯುವವರ ಮಗುವಿಗೂ ಈಜಂತೆ ಎಂದು ನನಗೆ ಒಳಗೊಳಗೇ ನಗು. ನನ್ನ ಸರದಿ ಬಂದಾಗ ಹೇಳಿದೆ:

"ಕಡಲಿನವರ ಮನೆಗೆ ಇದನ್ನು ಕೇಳ್ಲಿಕ್ಕುಂಟಾ ಟೀಚರ್?"

ಇಡೀ ಹಾಲ್ ನಕ್ಕಿತು. ಟೀಚರೂ ನಕ್ಕರು. ಮತ್ತೆ ಮೋಕ್ಷಾಳ ಕಡೆ ತಿರುಗಿ ಹೌದಾ ಎಂದರು. ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು. ಇವತ್ತಿನ ದಿನದಲ್ಲಿ ಸರಿಯಾಗಿ ನಡೆದದ್ದು ಅದೊಂದೇ.

ನವೆಂಬರ್ ೧೯, ಬುಧವಾರ

ನಾಳೆ ಹೊರಡುವುದು. ಹಂಪನಕಟ್ಟೆಗೆ ಹೋಗಿ ಟಾರ್ಚು, ಟವೆಲು, ಸೊಳ್ಳೆಯ ಕ್ರೀಮು ತಂದೆವು. ಮಗ ಮೋಹನದಾಸ ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದು ತಡವಾಗಿ ಬಂದ. ಬಂದವನು ಬ್ಯಾಗು ನೋಡಿ, ಇದೆಂತ ಗಲ್ಫಿಗೆ ಹೋಗ್ತಾಳಾ ಎಂದು ಮಗಳನ್ನು ಕೀಟಲೆ ಮಾಡಿದ. ಅವಳು ನಗಲಿಲ್ಲ. ನಿನ್ನೆಯಿಂದ ಊಟವೂ ಅಷ್ಟಕ್ಕಷ್ಟೇ.

ಸಂಜೆ ನೋಡಿದರೆ ಅಜ್ಜನ ಕುರ್ಚಿಯ ಎದುರು ಕೂತು, ನೀರಿನಲ್ಲಿ ಕೈ ಹೇಗೆ ಬೀಸುವುದು ಎಂದು ಕೇಳುತ್ತಿದ್ದಾಳೆ. ಇವರು ಪೇಪರನ್ನು ತೊಡೆಯ ಮೇಲಿಟ್ಟು ಗಾಳಿಯಲ್ಲಿ ಕೈ ಬೀಸಿ ತೋರಿಸುತ್ತಿದ್ದರು. ಅವಳೂ ಬೀಸುತ್ತಿದ್ದಳು. ಇಬ್ಬರಿಗೂ ಬೈದು ಊಟಕ್ಕೆ ಎಬ್ಬಿಸಿದೆ.

ನವೆಂಬರ್ ೨೦, ಗುರುವಾರ

ಬೆಳಗಾಗುವುದನ್ನು ಕಾಯುತ್ತ ಬರೆಯುತ್ತಿದ್ದೇನೆ.

ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬ್ರೆಂಡಾ ಟೀಚರ್ ಫೋನು. ಮೋಕ್ಷಾ ಹೊಳೆಯಲ್ಲಿ ಮುಳುಗಿದ್ದಳು. ಈಗ ಸರಿ ಇದ್ದಾಳೆ, ಮೂಲ್ಕಿಯ ಡಾಕ್ಟರನ್ನು ಕರೆಸಿ ತೋರಿಸಿದ್ದಾರೆ, ಗಂಜಿ ಕುಡಿದಿದ್ದಾಳೆ. ಟೀಚರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನನಗೆ ಮುಳುಗಿದ್ದಳು ಎಂಬ ಒಂದು ಶಬ್ದದ ಮೇಲೆ ಬೇರೆ ಕೇಳಿಸಲಿಲ್ಲ. ಜ್ಯೋತ್ಸ್ನಾ ಫೋನು ಕಿತ್ತುಕೊಂಡು ಉಳಿದದ್ದು ಕೇಳಿದಳು.

ಮಕ್ಕಳನ್ನು ಎರಡು ಸಾಲು ಮಾಡಿದ್ದರಂತೆ. ಈಜು ಬರದವರು ಲೈಫ್ ಜಾಕೆಟ್ ಹಾಕಿ ಮೊಣಕಾಲಿನ ನೀರಿನಲ್ಲಿ. ಈಜು ಬರುವವರು ಹಗ್ಗದ ಗುಂಟ ಒಂದು ಕಂಬದ ತನಕ ಹೋಗಿ ಬರುವುದು. ತರಬೇತಿ ಕೊಡುವ ಅರಾಫತ್ ಎಂಬ ಹುಡುಗ ದೋಣಿಯಲ್ಲಿ ಪಕ್ಕಕ್ಕೇ ಇದ್ದ. ಮೋಕ್ಷಾ ಈಜು ಬರುವವರ ಸಾಲಿನಲ್ಲಿ ನಿಂತಳು. ಸ್ವಲ್ಪ ದೂರ ಹೋದದ್ದೇ ಕಾಲಿನ ಕೆಳಗಿನ ನೆಲ ಮುಗಿಯಿತು. ಹಿಂದಿದ್ದ ಮರ್ವಾ ಅವಳ ಜಡೆ ಹಿಡಿದು ಕೂಗಿದಳು. ಅರಾಫತ್ ಹಾರಿ ಎತ್ತಿದ.

ಮೋಕ್ಷಾಳಿಗೆ ಫೋನು ಕೊಟ್ಟರು. ನಾನು ಸರಿ ಇದ್ದೇನೆ, ಬರಬೇಡಿ ಎಂದಳು. ಕತ್ತಲಾದ ಮೇಲೆ ಕುದ್ರುವಿಗೆ ದೋಣಿಯೂ ಇಲ್ಲವಂತೆ.

ಕಡಲಿನ ಮನೆಯ ಮಗುವನ್ನು ಬಟ್ಟೆ ಅಂಗಡಿಯವರ ಮಗು ಜಡೆ ಹಿಡಿದು ನೀರಿನಿಂದ ಎಳೆಯಿತು. ಬೋಟು ಹೋದದ್ದು ಕೇಳಿದ್ದೇನೆ, ಬಲೆ ಹೋದದ್ದು ಕೇಳಿದ್ದೇನೆ. ಇಂಥದ್ದು ಕೇಳಿದ್ದಿಲ್ಲ.

ಬೆಳಗಾದ ಕೂಡಲೇ ಹೋಗಿ ಕರೆತರುವುದು. ಆ ಟೀಚರನ್ನು ಬಿಡುವುದಿಲ್ಲ.

ನವೆಂಬರ್ ೨೧, ಶುಕ್ರವಾರ

ಮೋಹನ ಕಾರು ಬಿಟ್ಟ. ಕೂಳೂರಿನ ಹೊಳೆಯ ಸಂಕ ದಾಟಿ ಸುರತ್ಕಲ್ ಕಳೆದೆವು. ಹೊಳೆಯ ಬದಿಗೆ ಹೋದಾಗ ಅರಾಫತ್ ದೋಣಿ ತಂದು ನಿಲ್ಲಿಸಿದ್ದ. ನನ್ನ ಕೈಗೆ ಒಂದು ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟ. ನನಗಾ ಎಂದು ಕೇಳಿದೆ. ದೋಣಿಗೆ ಕಾಲಿಡುವವರಿಗೆಲ್ಲ ಅಮ್ಮ, ನನಗೂ ಉಂಟು ನೋಡಿ ಎಂದು ಎದೆ ತೋರಿಸಿದ. ನಾನು ಅದನ್ನು ಹಾಕಿಕೊಳ್ಳದೆ ಬದಿಗಿಟ್ಟೆ.

ತಿರುಗಿ ನೋಡಿದರೆ ಮೋಹನ ಆಗಲೇ ಜಾಕೆಟ್ ಹಾಕಿ, ಬಕಲು ಸಿಕ್ಕಿಸಿ, ಸಿಕ್ಕಿದೆಯೋ ಇಲ್ಲವೋ ಎಂದು ಮತ್ತೆ ಎಳೆದು ನೋಡುತ್ತಿದ್ದಾನೆ. ಮುಖ ಸುಣ್ಣದ ಗೋಡೆ. ತಾಂಡೇಲರ ಮಗ ನೀನು, ನಿನಗೆಂತ ಹೆದರಿಕೆ ಎಂದೆ.

"ಅಮ್ಮ, ನನಗೆ ಈಜು ಬರುವುದಿಲ್ಲ."

ಎರಡು ಬೋಟಿನ ಧಣಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ನಲವತ್ತು ದಾಟಿದೆ.

"ಎಂತ ಹೇಳ್ತಿದ್ದಿ?"

"ಬೋಟಿಗೆ ನಾನು ಯಾವಾಗ ಹತ್ತಿದ್ದೇನೆ? ನಾನು ಹೋಗುವುದು ಆಫೀಸಿಗೆ. ಸಣ್ಣವನಿರುವಾಗ ಶಾಲೆ, ಶಾಲೆ ಬಿಟ್ಟರೆ ಟ್ಯೂಶನ್, ಟ್ಯೂಶನ್ ಬಿಟ್ಟರೆ ಊಟ. ಹೊಳೆಗೆ ಇಳೀಲಿಕ್ಕೆ ಹೊತ್ತೆಲ್ಲಿತ್ತು?"

ಅರಾಫತ್ ಬೇರೆ ಕಡೆ ನೋಡುತ್ತ ಹಗ್ಗ ಬಿಚ್ಚಿದ. ನಾನು ಜಾಕೆಟ್ ಹಾಕಿಕೊಂಡೆ. ಬೆಳಗಿನ ಗಾಳಿ ತಣ್ಣಗಿತ್ತು.

ಕುದ್ರುವಿನಲ್ಲಿ ಮೋಕ್ಷಾಳನ್ನು ಮೊದಲು ಗುರುತಿಸಲೇ ಇಲ್ಲ. ಒಲೆ ಊದಿ ಊದಿ ಮುಖಕ್ಕೆಲ್ಲ ಮಸಿ. ದೊಡ್ಡ ಪಾತ್ರೆಯಲ್ಲಿ ಅನ್ನ ತಿರುವುತ್ತಿದ್ದಾಳೆ. ಮನೆಯಲ್ಲಿ ಕುಡಿಯುವ ನೀರನ್ನೂ ಕೂತಲ್ಲಿಗೆ ತರಿಸಿಕೊಳ್ಳುವ ಹುಡುಗಿ. ಪಕ್ಕದಲ್ಲಿ ಮರ್ವಾ ಗಂಜಿ ಬಸಿಯಲು ತಯಾರಾಗಿ ನಿಂತಿದ್ದಳು. ನನ್ನನ್ನು ನೋಡಿ, "ಅಜ್ಜಿ, ಜಡೆ ಎಳೆದದ್ದಕ್ಕೆ ಬೈಬೇಡಿ. ಕೈಗೆ ಬೇರೆ ಎಂತದೂ ಸಿಗ್ಲಿಲ್ಲ" ಎಂದಳು. ಏನಾದರೂ ಹೇಳಬೇಕಿತ್ತು. ಅವಳ ತಲೆಯ ಮೇಲೆ ಕೈ ಇಟ್ಟೆ, ಇಟ್ಟ ಕೈಯನ್ನು ತೆಗೆಯುವುದು ಹೇಗೆಂದೂ ಗೊತ್ತಾಗಲಿಲ್ಲ.

ಬ್ರೆಂಡಾ ಟೀಚರ್ ಕಣ್ಣು ಊದಿಸಿಕೊಂಡು ಬಂದರು. ನಿಮ್ಮನ್ನು ನಂಬಿ ಕಳಿಸಿದ್ದಲ್ಲವಾ ಎಂದು ಶುರು ಮಾಡಿ ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮಕ್ಕಳು ಕೇಳಿಸಿಕೊಳ್ಳಲಿ ಎಂದೇ ಹೇಳಿದೆ. ತಪ್ಪಾಯ್ತು ಅಮ್ಮ, ಆಳಕ್ಕೆ ಬಿಡುವ ಮೊದಲು ಒಂದು ಸಲ ಈಜಿಸಿ ನೋಡಬೇಕಿತ್ತು ಎಂದರು. ಇನ್ನೇನೋ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

ಬ್ಯಾಗು ತಾ, ಹೊರಡು ಎಂದು ಮೋಕ್ಷಾಳಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದು ದಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನೀರಿನಲ್ಲಿ ಒಂದು ಕೋಲು ನೆಟ್ಟಿತ್ತು, ಕೋಲಿನ ಮೇಲೆ ಬಣ್ಣಬಣ್ಣದ ಗೆರೆಗಳು.

"ಅಜ್ಜಿ, ನೀರು ಇಳೀತಾ ಉಂಟು. ಈ ಕೆಂಪು ಗೆರೆ ಕಾಣುವ ಮೊದಲು ನೀವು ಹೊರಡ್ಬೇಕು. ಇಲ್ಲದಿದ್ರೆ ಆಚೆ ಬದಿಯಲ್ಲಿ ದೋಣಿ ಕೆಸರಲ್ಲಿ ಕೂರ್ತದೆ."

ಯಾರು ಹೇಳಿಕೊಟ್ಟದ್ದು ಎಂದು ಕೇಳಿದೆ. ಯಾರೂ ಇಲ್ಲ, ನಿನ್ನೆಯಿಂದ ನಾವೇ ಸರದಿಯಲ್ಲಿ ಕೂತು ಗೆರೆ ಹಾಕಿದ್ದು ಎಂದಳು. ನಾನು ಕೋಲನ್ನು ನೋಡುತ್ತ ನಿಂತೆ. ಇಳಿತ ಎಂದರೆ ಏನೆಂದು ದಕ್ಕೆಯಲ್ಲಿ ಬೋಟು ಕಾದವಳಿಗೆ ಹೇಳಿಕೊಡುವುದು ಬೇಡ. ಆದರೆ ದೇರೆಬೈಲಿನ ಮನೆಯಲ್ಲಿ ಆ ಮಾತು ಯಾರ ಬಾಯಲ್ಲಿಯೂ ಬಂದದ್ದಿಲ್ಲ. ಅಲ್ಲಿ ನೀರು ಏರುವುದು ಇಳಿಯುವುದು ಎಂದರೆ ತಾರಸಿಯ ಟ್ಯಾಂಕಿಯದ್ದು.

ಈಜು ಬರದೆ ಆ ಸಾಲಿನಲ್ಲಿ ಯಾಕೆ ನಿಂತೆ ಎಂದು ಮೆಲ್ಲಗೆ ಕೇಳಿದೆ.

"ನೀವು ಎಲ್ಲರೆದುರು ಹೇಳಿದ್ರಲ್ಲ ಅಜ್ಜಿ. ನಾನು ಈಜು ಬರದವರ ಸಾಲಲ್ಲಿ ನಿಂತ್ರೆ ನೀವು ಸುಳ್ಳು ಹೇಳಿದ ಹಾಗೆ ಆಗ್ತದೆ."

ಕೂತುಬಿಟ್ಟೆ. ಹೊಯಿಗೆಯ ಮೇಲೆ, ಸೀರೆ ಒದ್ದೆಯಾಗುತ್ತದೆಂಬ ಪರಿವೆಯೂ ಇಲ್ಲದೆ.

"ನಾಳೆ ಬೆಳಿಗ್ಗೆ ತೇಲ್ಲಿಕ್ಕೆ ಕಲಿಸ್ತಾರೆ. ಅದನ್ನು ಕಲಿತೇ ಬರ್ತೇನೆ. ಆಗ ನೀವು ಹೇಳಿದ್ದು ಸ್ವಲ್ಪ ಆದ್ರೂ ನಿಜ ಆಗ್ತದಲ್ಲ" ಎಂದಳು. ಮತ್ತೆ ಅನ್ನದ ಪಾತ್ರೆಯ ಕಡೆ ಓಡಿದಳು. ನಾನು ಹೊರಡು ಎಂದ ಮೇಲೆ ಹೊರಡದೆ ಉಳಿದ ಮಗು ಈ ಮನೆಯಲ್ಲಿ ಇದುವರೆಗೆ ಇರಲಿಲ್ಲ.

ಅವಳಿಲ್ಲದೆ ವಾಪಸು ಬಂದೆವು. ಕೆಂಪು ಗೆರೆ ಕಾಣುವ ಮೊದಲೇ ಹೊರಟದ್ದರಿಂದ ದೋಣಿ ಕೂರಲಿಲ್ಲ.

ನವೆಂಬರ್ ೨೩, ಭಾನುವಾರ

ನಿನ್ನೆ ಸಂಜೆ ಬಂದಳು. ಮೈಯೆಲ್ಲ ಸೊಳ್ಳೆ ಕಚ್ಚಿದ ಗುರುತು, ಕಾಲಿಗೆ ಚಿಪ್ಪು ತಾಗಿದ ಗಾಯ. ಊಟಕ್ಕೆ ಕೂತರೆ ಬಾಯಿ ಮುಚ್ಚುವುದಿಲ್ಲ. ಒದ್ದೆ ಕಟ್ಟಿಗೆ ಹೇಗೆ ಹೊತ್ತಿಸುವುದು, ಗುಡಾರದ ಹಗ್ಗ ಗಾಳಿಯ ಯಾವ ಬದಿಗೆ ಬಿಗಿಯಬೇಕು, ಏಡಿಯ ತೂತು ಹೇಗಿರುತ್ತದೆ. ಮೂರು ದಿನಕ್ಕೆ ಇಷ್ಟು ಮಾತು ಎಲ್ಲಿಂದ ಬಂತೋ. ಮಧ್ಯೆ, "ನಾನು ತೇಲಿದೆ" ಎಂದು ಅಜ್ಜನಿಗೆ ಹೇಳಿದಳು. ಬೆನ್ನು ಕೆಳಗೆ, ಹೊಟ್ಟೆ ಮೇಲೆ, ಕಿವಿಯ ಒಳಗೆ ನೀರಿನ ಶಬ್ದ, ಆಕಾಶದಲ್ಲಿ ಒಂದು ಗಿಡುಗ. ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟಳು. ಜ್ಯೋತ್ಸ್ನಾ ನನ್ನ ಮುಖ ನೋಡಿದಳು. ನಾನು ನೋಡದ ಹಾಗೆ ಮಾಡಿದೆ.

ಆಮೇಲೆ ಇವರನ್ನು ಕೇಳಿದೆ. ನಿಮಗೆ ಈಜು ಬರುತ್ತದೆಯೋ, ಅದೂ ಇಲ್ಲವೋ? ಇವರು ನಕ್ಕು, ಬರುತ್ತದೆ, ಬಾರದಿದ್ದರೆ ನೀನು ಎಂದೋ ಬಿಳಿ ಸೀರೆ ಉಡುತ್ತಿದ್ದೆ ಎಂದರು. ಹಾಗಾದರೆ ಮಗನಿಗೆ ಯಾಕೆ ಕಲಿಸಲಿಲ್ಲ ಎಂದು ದಬಾಯಿಸಿದೆ.

"ನಮ್ಮವರಿಗೆ ಕಲಿಸುವುದೆಂತ, ರಕ್ತದಲ್ಲೇ ಉಂಟು ಅಂತ ನೀನು ಊರಿಗೆಲ್ಲ ಹೇಳ್ತಿದ್ದೆ. ನಾನೂ ನಂಬಿದೆ. ರಕ್ತ ತೇಲುವುದಿಲ್ಲ ಮಾರಾಯ್ತಿ."

ಅಷ್ಟು ಹೇಳಿ ಪೇಪರ್ ಎತ್ತಿಕೊಂಡರು. ಆ ಪೇಪರಿನ ಹಿಂದಿನಿಂದಲೇ, "ನಿನಗೆ ಬರ್ತದಾ?" ಎಂದರು.

ನಮ್ಮಲ್ಲಿ ಹೆಂಗಸರು ನೀರಿಗೆ ಇಳಿಯುವ ಕ್ರಮ ಇಲ್ಲ. ಗಂಡಸರು ಕಡಲಿಗೆ, ನಾವು ಬುಟ್ಟಿ ಹೊತ್ತು ಪೇಟೆಗೆ. ಸೊಂಟದವರೆಗಿನ ನೀರು ಕಂಡವಳಲ್ಲ ನಾನು. ಇದನ್ನು ಇವರಿಗೆ ಹೇಳಲು ಹೋಗಲಿಲ್ಲ, ಗೊತ್ತಿದ್ದೇ ಕೇಳಿದ್ದು. ಆದರೆ ಬೆಳಗ್ಗಿನಿಂದ ಮನೆಯ ಜನರನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದೇನೆ. ಈ ಪೇಪರ್ ಓದುವ ಮುದುಕ ಒಬ್ಬರನ್ನು ಬಿಟ್ಟರೆ ಕಡಲಿನ ಮನೆಯಲ್ಲಿ ಈಜು ಬರುವವರು ಯಾರೂ ಇಲ್ಲ. ಎಷ್ಟು ಸಲ ಎಣಿಸಿದರೂ ಇಲ್ಲ.

ನವೆಂಬರ್ ೨೬, ಬುಧವಾರ

ದಿನವಿಡೀ ಫೋನು. ಕ್ಲಾಸಿನ ವಾಟ್ಸಾಪಿನಲ್ಲಿ ಬೆಂಕಿ ಬಿದ್ದಿದೆಯಂತೆ. ಶನಿವಾರ ಹೆಡ್ ಮಿಸ್ ಎಲ್ಲರನ್ನೂ ಕರೆದಿದ್ದಾರೆ. ಬ್ರೆಂಡಾ ಟೀಚರನ್ನು ತೆಗೆಯಬೇಕು, ಇನ್ನು ಯಾವ ಮಕ್ಕಳನ್ನೂ ಗೇಟಿನ ಹೊರಗೆ ಒಯ್ಯಬಾರದು ಎಂದು ಹೇಳುವವರು ಬಹಳ ಮಂದಿ. ಮುಳುಗಿದ್ದು ನಿಮ್ಮ ಮಗು, ನೀವು ಒಂದು ಮಾತು ಹೇಳಿದರೆ ಆಯಿತು ವಾರಿಜಕ್ಕ ಎಂದು ಎಲ್ಲರೂ ನನ್ನ ಕಡೆ ತಿರುಗಿದ್ದಾರೆ. ಮೋಹನನೂ ಅದನ್ನೇ ಹೇಳುತ್ತಾನೆ. ಆ ಟೀಚರಿಗೆ ಕೆಲಸ ಕಾಯಂ ಆಗಿಲ್ಲವಂತೆ, ತೆಗೆಯುವುದು ಕಷ್ಟವಲ್ಲ.

ನಾನು ಹೇಳಿಯೇ ಹೇಳುತ್ತೇನೆ ಎಂದೆ. ತಪ್ಪು ಮಾಡಿದವರು ಅನುಭವಿಸಬೇಕು.

ಮೋಕ್ಷಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. "ಅಜ್ಜಿ, ಟೀಚರ್ ಕೇಳಿದ್ದರಲ್ಲ" ಎಂದಳು. ಓದಲಿಕ್ಕೆ ಹೋಗು ಎಂದೆ. ಹೋದಳು. ಆಮೇಲೆ ಇಡೀ ದಿನ ನನ್ನ ಹತ್ತಿರ ಮಾತಿಲ್ಲ. ಉಂಡ ತಟ್ಟೆಯನ್ನು ಮಾತ್ರ ತೊಳೆದಿಡುತ್ತಾಳೆ, ನನ್ನದನ್ನೂ ಸೇರಿಸಿ.

ನವೆಂಬರ್ ೨೯, ಶನಿವಾರ

ಜರಿಯ ಸೀರೆ ಉಟ್ಟು ಹೋದೆ. ಮುಂದಿನ ಸಾಲಿನಲ್ಲಿ ಜಾಗ ಬಿಟ್ಟಿದ್ದರು.

ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಒಬ್ಬನಂತೂ ಮಕ್ಕಳಿಗೆ ಹೊಳೆ ತೋರಿಸಬೇಕಾದರೆ ವಿಡಿಯೋ ತೋರಿಸಿದರೆ ಸಾಲದೇ ಎಂದ. ನಾಝಿಮಾ ಎದ್ದಳು. ಅವಳ ಮಾತು ಸಣ್ಣದು: ನನ್ನ ಮಗಳು ಕೆರೆಯಲ್ಲಿ ಈಜಿದವಳು, ಹೊಳೆಯಲ್ಲಿ ನೀರು ಎಳೆಯುತ್ತದೆಂದು ಅಲ್ಲಿಗೆ ಹೋದ ಮೇಲೇ ಅವಳಿಗೆ ಗೊತ್ತಾದದ್ದು, ಮುಂದಿನ ವರ್ಷವೂ ಕಳಿಸುತ್ತೇನೆ. ಹಿಂದಿನಿಂದ ಯಾರೋ, ನಿಮ್ಮದು ಮುಳುಗಲಿಲ್ಲ, ಹೇಳ್ತೀರಿ ಎಂದರು.

ಆಗ ಹೆಡ್ ಮಿಸ್, ಈಜು ಬಾರದ ಮಗು ಆ ಸಾಲಿಗೆ ಬಂದದ್ದು ಹೇಗೆ ಎಂದು ಬ್ರೆಂಡಾ ಟೀಚರನ್ನು ಕೇಳಿದರು. ಟೀಚರ್ ಎದ್ದು ನಿಂತು, "ಪರೀಕ್ಷೆ ಮಾಡದೆ ಬಿಟ್ಟದ್ದು ನನ್ನ ತಪ್ಪು ಮಿಸ್" ಎಂದರು. ಮತ್ತೆ ಕೈ ಕಟ್ಟಿ ನೆಲ ನೋಡಿದರು. ನನ್ನ ಕಡೆ ನೋಡಲೇ ಇಲ್ಲ. ಒಂದು ಸಲ ನೋಡಿದ್ದರೂ ನನಗೆ ಸಿಟ್ಟು ಬಂದು ಎಲ್ಲ ಸುಲಭವಾಗುತ್ತಿತ್ತು.

ಮೋಹನ ಮೊಣಕೈಯಿಂದ ತಿವಿದ, ಅಮ್ಮ ಈಗ ಹೇಳಿ ಎಂದ. ಎದ್ದೆ. ಹೇಳಬೇಕೆಂದು ಮೂರು ದಿನದಿಂದ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಟೀಚರ್ ಕೇಳಿದ್ದರು. ನಿಮ್ಮೆಲ್ಲರ ಎದುರು ಕೇಳಿದ್ದರು. ಬರ್ತದೆ ಅಂತ ಹೇಳಿದ್ದು ನಾನು. ಮಗು ನನ್ನ ಮಾತಿನ ಮೇಲೆ ನೀರಿಗೆ ಇಳಿದದ್ದು. ನಮ್ಮ ಮನೆಯಲ್ಲಿ ನನ್ನ ಗಂಡನನ್ನು ಬಿಟ್ಟು ಯಾರಿಗೂ ಈಜು ಬರುವುದಿಲ್ಲ. ನನಗೂ ಬರುವುದಿಲ್ಲ."

ಮೊನ್ನೆ ನಕ್ಕ ಹಾಲ್ ಇವತ್ತು ನಗಲಿಲ್ಲ. ಮೋಹನ ತಲೆ ತಗ್ಗಿಸಿದ. ನಾನು ಕೂರಲಿಲ್ಲ. ಇವರು ಕರೆದುಕೊಂಡು ಹೋಗದಿದ್ದರೆ ನಮ್ಮ ಮಗುವಿಗೆ ಈಜು ಬರುವುದಿಲ್ಲವೆಂದು ನನಗೆ ಯಾವತ್ತು ಗೊತ್ತಾಗುತ್ತಿತ್ತು ಎಂದು ಕೇಳಿದೆ. ಮುಂದಿನ ಸಲ ದಡದಲ್ಲೇ ಈಜಿಸಿ ನೋಡಿ ಸಾಲು ಮಾಡಲಿ, ಅಜ್ಜಿಯರನ್ನು ಕೇಳುವುದು ಬೇಡ ಎಂದೆ. ಯಾರೋ ಒಬ್ಬರು ನಕ್ಕರು. ನಾಝಿಮಾ ಇರಬೇಕು.

ಬ್ರೆಂಡಾ ಟೀಚರ್ ಉಳಿದರು. ಶಿಬಿರವೂ ಉಳಿಯಿತು.

ಹೀಗೆ ಹೇಳಿದ್ದಕ್ಕೆ ಬೇರೆ ಅರ್ಥ ಬೇಡ. ಗುಡಾರದಲ್ಲಿ ಮಲಗಿದರೆ ವಿದ್ಯೆ ಬರುತ್ತದೆಂದು ನಾನು ಇವತ್ತೂ ಒಪ್ಪಿಲ್ಲ. ಆದರೆ ನಮ್ಮ ಮನೆಯ ಮಾತಿಗೆ ಇನ್ನೊಬ್ಬರ ಕೆಲಸ ಹೋಗುವುದು ನಮ್ಮ ಅಂತಸ್ತಿಗೆ ಕಡಿಮೆ.

ಮನೆಗೆ ಬಂದಾಗ ಮೋಕ್ಷಾ ನೀರು ತಂದು ಕೊಟ್ಟಳು. ಮರ್ವಾ ಆಗಲೇ ಫೋನು ಮಾಡಿದ್ದಳಂತೆ.

ಡಿಸೆಂಬರ್ ೭, ಭಾನುವಾರ

ಪೇಟೆಯ ಈಜುಕೊಳದಲ್ಲಿ ಬೆಳಿಗ್ಗೆ ಹೆಂಗಸರಿಗೆ ಬೇರೆ ಹೊತ್ತು ಉಂಟು ಎಂದು ನಾಝಿಮಾ ಹೇಳಿದ್ದಳು. ಮೋಹನನನ್ನು ಗಂಡಸರ ಹೊತ್ತಿಗೆ ಸೇರಿಸಿಯಾಯಿತು. ಆಫೀಸಿನ ನೆವ ತೆಗೆದ, ನಾನು ಕೇಳಲಿಲ್ಲ. ಮೋಕ್ಷಾಳನ್ನೂ ಜ್ಯೋತ್ಸ್ನಾಳನ್ನೂ ಇವತ್ತು ನಾನೇ ಕರೆದುಕೊಂಡು ಹೋದೆ. ಜ್ಯೋತ್ಸ್ನಾ ಎರಡು ದಿನದಿಂದ, ಮಾಮಿ ಜನ ಎಂತ ಹೇಳ್ತಾರೆ ಎನ್ನುತ್ತಿದ್ದಳು. ಹೇಳುವವರು ಮುಳುಗುವಾಗ ಬರುವುದಿಲ್ಲ ಎಂದೆ.

ಕಲಿಸುವವಳು ಆನ್ಸಿ ಎಂಬ ಹುಡುಗಿ. ಇಬ್ಬರನ್ನೂ ಮೆಟ್ಟಿಲಿನ ಹತ್ತಿರ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಬಂದರದ ತಾಂಡೇಲರ ಮನೆಯವರು ಎಂದು ಅವಳಿಗೆ ಯಾರೋ ಹೇಳಿದ್ದರು.

"ನೀವು ಇಲ್ಲಿ ಕುರ್ಚಿಯಲ್ಲಿ ಕೂತ್ಕೊಳ್ಳಿ ಅಮ್ಮ. ನಿಮಗೆಂತ, ಈಜು ಬರ್ತಿರ್ಬಹುದು."

ಮೋಕ್ಷಾ ನೀರಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತು ಶಾಲೆಯಲ್ಲಿ ಟೀಚರ್ ಕೇಳಿದಾಗ ನೋಡಿದ ಹಾಗೆಯೇ.

ಇಲ್ಲ, ಬರುವುದಿಲ್ಲ, ಕಲಿಸು ಎಂದೆ. ಬ್ಯಾಗಿನಲ್ಲಿ ಒಂದು ಚೂಡಿದಾರ ತೆಗೆದುಕೊಂಡೇ ಹೋಗಿದ್ದೆ.

ಇದನ್ನು ಬರೆಯುವಾಗ ತಲೆಗೂದಲು ಇನ್ನೂ ಆರಿಲ್ಲ. ಎಡ ಕಿವಿಯಲ್ಲಿ ನೀರು ನಿಂತಿದೆ, ತಲೆ ಓರೆ ಮಾಡಿದರೆ ಶಬ್ದ ಮಾಡುತ್ತದೆ.